ಜರ್ಮನ್ ಮೋಟಾರ್‌ಸೈಕಲ್ಲಿಗೆ ವರಾನ್ವೇಷಣೆ

ಎರಡನೇ ಬಿದಿರು ಗಳಕ್ಕೆ ಯಜಮಾನರ ಒದ್ದೆ ಪಂಚೆ ಏರಿಸಿ, ಗಳದ ತುದಿಯನ್ನು ಅಡುಗೆಮನೆಯ ಕಿಟಕಿಯಾಚೆಗಿನ ಕೊಳವೆಗೆ ತೂರಿಸುತ್ತಿದ್ದೆ. ಒಂಬತ್ತನೇ ಮಹಡಿಯಲ್ಲಿ ಈ ಕೆಲಸ ಮಾಡುವಾಗ ಮೈಯೆಲ್ಲ ಕಣ್ಣಾಗಿರಬೇಕು. ಗಳ ಜಾರಿದರೆ ಕೆಳಗೆ ಹೋಗುವವರ ತಲೆಯ ಮೇಲೆ ನಮ್ಮ ಸಂಸಾರವೇ ಬೀಳುತ್ತದೆ. ಅಂಥ ಹೊತ್ತಿನಲ್ಲೇ ಇವರು ಹಿಂದಿನಿಂದ ಬಂದು, "ಅನುಸೂಯಾ, ಗಂಡಿನ ಕಡೆಯವರು ಲಿಫ್ಟ್ ಹತ್ತಿದ್ರು!" ಎಂದು ಕೂಗಿದರು.

"ಎಷ್ಟು ಜನ?" ಎಂದೆ, ಗಳ ಬಿಡದೆ.

"ಇಬ್ಬರು. ಗಂಡ ಹೆಂಡತಿ. ಉಪ್ಪಿಟ್ಟು ಆಯ್ತಾ?"

"ಉಪ್ಪಿಟ್ಟೂ ಆಗಿದೆ, ಕೇಸರಿಬಾತೂ ಆಗಿದೆ. ನೀವು ಮೊದಲು ಆ ಬನಿಯನ್ ಬದಲಾಯಿಸಿ. ಗ್ರೀಸ್ ಮೆತ್ತಿಕೊಂಡಿರೋ ಮಾವನನ್ನ ಯಾರೂ ಒಪ್ಪಲ್ಲ."

ಓದುವವರು ಗಾಬರಿಯಾಗಬಾರದು. ನಮಗಿರುವವಳು ಒಬ್ಬಳೇ ಮಗಳು, ಜ್ಯೋತ್ಸ್ನಾ. ಅವಳಿಗೆ ಮದುವೆಯಾಗಿ ನಾಲ್ಕು ವರ್ಷ. ಆ ಜುಲೈ ತಿಂಗಳಲ್ಲಿ ಅವಳ ಬಸುರಿಗೆ ಏಳು ತಿಂಗಳು ತುಂಬಿ ಎಂಟು ನಡೆಯುತ್ತಿತ್ತು. ಬಂದವರು ನೋಡಬೇಕಾಗಿದ್ದ ಹುಡುಗಿ ನಮ್ಮ ಹಿಂದಿನ ಕೋಣೆಯಲ್ಲಿ ಎರಡು ಚಕ್ರದ ಮೇಲೆ ನಿಂತಿದ್ದಳು. ಐವತ್ತೇಳನೇ ಇಸವಿಯಲ್ಲಿ ಜರ್ಮನಿಯಲ್ಲಿ ತಯಾರಾದ ಮೋಟಾರ್‌ಸೈಕಲ್. ಕಡುಕಪ್ಪು ಮೈ, ಟ್ಯಾಂಕಿನ ಅಂಚಿಗೆ ಕೂದಲೆಳೆಯಷ್ಟು ಬಿಳಿಗೆರೆ. ಎಂಜಿನ್ನು ಎರಡೂ ಪಕ್ಕಕ್ಕೆ ಚಾಚಿಕೊಂಡಿದ್ದರಿಂದ, ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತ ಹೆಂಗಸಿನ ಹಾಗೆ ಕಾಣುತ್ತಿತ್ತು. "ಚೈನೇ ಇಲ್ಲದೆ ಓಡೋ ಗಾಡಿ ಕಣೇ" ಎಂದು ಇವರು ದಿನಕ್ಕೊಮ್ಮೆ ಹೇಳುತ್ತಿದ್ದರು. ಓಡಿದ್ದನ್ನು ನಾನಂತೂ ಕಂಡಿರಲಿಲ್ಲ.

ಇವರು ಹಡಗು ರಿಪೇರಿ ಯಾರ್ಡಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು. ಎಂಥೆಂಥ ಹಡಗುಗಳನ್ನೋ ಹೇಳಿದ ತಾರೀಖಿಗೆ ಸಮುದ್ರಕ್ಕಿಳಿಸಿದ ಮನುಷ್ಯ. ಆದರೆ ಗುಜರಿ ಅಂಗಡಿಯಿಂದ ತಂದ ಈ ತುಕ್ಕಿನ ರಾಶಿಯನ್ನು ಗಾಡಿ ಮಾಡಲು ಹನ್ನೊಂದು ವರ್ಷ ತೆಗೆದುಕೊಂಡರು. ನಾನು ಸೊಪ್ಪು ತರುವ ಟ್ರಾಲಿಯಲ್ಲೇ ಗುಜರಿಯ ಒಂದೊಂದು ಭಾಗವನ್ನೂ ಲಿಫ್ಟಿನಲ್ಲಿ ಮೇಲೆ ತಂದರು. ಇಲ್ಲಿ ಸಿಗದ ಭಾಗಗಳು ಜರ್ಮನಿಯಿಂದ ಅಂಚೆಯಲ್ಲಿ ಬಂದವು. ಎಂಜಿನ್ ಮೊದಲ ಸಲ ಮಾತಾಡಿದ್ದು ಒಂದು ಭಾನುವಾರದ ಮಧ್ಯಾಹ್ನ, ಅದೇ ಮಲಗುವ ಕೋಣೆಯಲ್ಲಿ. ಎಂಟನೇ ಮಹಡಿಯವರು ಭೂಕಂಪವೆಂದು ಮಗು, ಮೀನಿನ ತೊಟ್ಟಿ ಎರಡನ್ನೂ ಎತ್ತಿಕೊಂಡು ಕಟ್ಟಡದ ತಳದ ತೆರೆದ ಜಾಗವಾದ ವಾಯ್ಡ್ ಡೆಕ್‌ಗೆ ಇಳಿದುಬಿಟ್ಟರು. ಅಂದಿನಿಂದ ಮನೆಯೊಳಗೆ ಅದರ ಹೊಟ್ಟೆಗೆ ಪೆಟ್ರೋಲ್ ಬೀಳಕೂಡದೆಂದು ನಾನು ಆಣೆ ಹಾಕಿಸಿದೆ.

ಈಗ ಅದನ್ನು ಕೊಡಲೇಬೇಕಾಗಿತ್ತು. ಸಿಂಗಪುರದ ಚೋವಾ ಚು ಕಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಮಲಗುವ ಕೋಣೆ ಎರಡೇ. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕು. ಇದು ನಾನು ಮಾಡಿದ ಕಾನೂನಲ್ಲ. ಸೀಮಂತದ ದಿನ ಎಲ್ಲರೆದುರಿಗೆ ಬೀಗಿತ್ತಿ ಶೋಭಾ, "ನಿಮ್ಮಲ್ಲಿ ರೂಮಿಗೆ ತೊಂದರೆ ಅಲ್ವಾ, ನಮ್ಮ ಜುರಾಂಗ್ ಈಸ್ಟ್ ಮನೇಲೇ ಆಗಲಿ ಬಿಡಿ. ಬಾಣಂತನ ಯಾರು ಮಾಡಿದರೇನು?" ಎಂದು ನಗುನಗುತ್ತಾ ಅಂದಿದ್ದರು. ಆ ನಗುವಿನ ಮೇಲೆ ಒಗ್ಗರಣೆ ಹಾಕಬಹುದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಇವರು ಎದ್ದು ನಿಂತು, "ಆಗಸ್ಟ್ ಒಂದನೇ ತಾರೀಖಿಗೆ ರೂಮು ಖಾಲಿ. ಇದು ಪದ್ಮನಾಭನ ಮಾತು" ಎಂದು ಬಿಟ್ಟರು. "ತಪ್ಪಿದರೆ ನಮ್ಮನೆ" ಎಂದರು ಶೋಭಾ. ಇವರು, "ಆಗಲಿ" ಎಂದರು. ಮಗಳ ಬಾಣಂತನವನ್ನು ನಮ್ಮವರು ಹೀಗೆ ಪಂದ್ಯಕ್ಕಿಟ್ಟು ಬಂದರು.

ಗಾಡಿಯನ್ನು ಮಾರುತ್ತೇನೆ ಎನ್ನಲು ಮಾತ್ರ ಇವರಿಗೆ ನಾಲಿಗೆ ಹೊರಳಲಿಲ್ಲ. "ಮಾರೋಕೆ ಅದೇನು ಕುಂಬಳಕಾಯಾ? ಯೋಗ್ಯರು ಸಿಕ್ಕಿದರೆ ಕೊಡ್ತೀನಿ" ಎಂದರು. ಕೊಡುವುದೆಂದ ಮೇಲೆ ನೋಡುವ ಶಾಸ್ತ್ರ ಬೇಡವೇ? ಹಾಗೆ ನನ್ನ ಒಲೆಯ ಮೇಲೆ ಕೇಸರಿಬಾತು ಏರಿತ್ತು.

ಬಂದವರು ಮಿಸ್ಟರ್ ಕೋ ಮತ್ತು ಮಿಸೆಸ್ ಕೋ. ಮಿಸ್ಟರ್ ಕೋಗೆ ಅರವತ್ತು ದಾಟಿತ್ತು, ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಪುಟ್ಟ ಟಾರ್ಚು ಮತ್ತು ನೋಟ್‌ಬುಕ್ಕು. ಜಮೀನು ಅಳೆಯುವ ಕೆಲಸ ಮಾಡಿ ನಿವೃತ್ತರಾದವರಂತೆ. ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಗಾಡಿಯನ್ನು ಕಂಡು ಮಾತು ಬಿಟ್ಟರು. ನೆಲದ ಮೇಲೆ ಮೊಣಕಾಲೂರಿ ಟಾರ್ಚ್ ಬಿಟ್ಟು ಅರ್ಧ ಗಂಟೆ ನೋಡಿದರು. ಮಿಸೆಸ್ ಕೋ ಅಷ್ಟರಲ್ಲಿ ಮೂರು ಸಲ ಕೇಸರಿಬಾತು ಹಾಕಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಸಂಬಂಧ ಅಲ್ಲಿಗೇ ಕುದುರಿತ್ತು.

ಇವರು ಮಾತ್ರ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ವಿಚಾರಣೆಗೆ ಕೂತರು. ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ನಮ್ಮ ಮಾತಿನಲ್ಲಿ ಬರೆಯುತ್ತೇನೆ. ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ "ಲಾ" ಮಾತ್ರ ಅವರದ್ದೇ.

"ಮನೆ ಸ್ವಂತದ್ದೋ?"

"ಸ್ವಂತದ್ದು. ಮುಂದೆ ಕಾರು ನಿಲ್ಲಿಸೋ ಜಾಗ ಇದೆ, ಮೇಲೆ ಸೂರಿದೆ."

"ಸೂರು ಸೋರುತ್ತದೋ?"

"ಇಲ್ಲ ಲಾ."

"ಮನೆಯಲ್ಲಿ ಬೇರೆ ಗಾಡಿ?"

"ಒಂದಿದೆ. ಜಪಾನಿನದು."

ಇವರ ಮುಖ ಸಣ್ಣದಾಯಿತು. ಮೊದಲನೆಯದು ಇರುವ ಮನೆಗೆ ಕೊಡುವುದೇ? "ಅದನ್ನೇನು ಮಾಡ್ತೀರಿ?"

"ಅದು ಮಾರ್ಕೆಟ್ಟಿಗೆ. ಇದು ಭಾನುವಾರಕ್ಕೆ."

"ಕೋಪ ಬಂದರೆ ಜೋರಾಗಿ ಒದ್ದು ಸ್ಟಾರ್ಟ್ ಮಾಡೋ ಅಭ್ಯಾಸ ಉಂಟೋ?"

ಮಿಸ್ಟರ್ ಕೋ ತಮ್ಮ ಹೆಂಡತಿಯ ಮುಖ ನೋಡಿದರು. ಆಕೆ, "ಇವರಿಗೆ ಕೋಪ ಬಂದದ್ದನ್ನ ನಾನೇ ನೋಡಿಲ್ಲ. ನನಗೇ ಬೇಜಾರು" ಎಂದರು. ಆಮೇಲೆ ಕೋ ಎದ್ದು, ಮೊಣಕಾಲು ಒರೆಸಿಕೊಂಡು, "ನನಗೆ ಒಪ್ಪಿಗೆ. ನೀವು ಹೇಳಿದ ಬೆಲೆಗೇ. ಕಾಗದಪತ್ರದ ಓಡಾಟವೆಲ್ಲ ನನ್ನದು. ಯಾವಾಗ ಕರೆದುಕೊಂಡು ಹೋಗಲಿ?" ಎಂದರು.

ನನಗೆ ಎದ್ದು ಕುಣಿಯಬೇಕೆನ್ನಿಸಿತು. ಇವರು ಗಂಟಲು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ, "ಸಂತೋಷ. ನಾವು ಮನೆಯಲ್ಲಿ ಕೂತು ಮಾತಾಡಿಕೊಂಡು, ನಿಮಗೆ ಕಾಗದ ಬರೀತೀವಿ" ಎಂದರು.

ಈ ಮಾತಿನ ತೂಕ ನಮ್ಮ ಕಡೆಯವರಿಗೆ ಗೊತ್ತು. ನನ್ನ ಅಕ್ಕನನ್ನು ನೋಡಲು ಏಳು ಕಡೆಯವರು ಬಂದಿದ್ದರು. ಏಳೂ ಕಡೆಯವರು ಉಪ್ಪಿಟ್ಟು ತಿಂದು, ಕೈತೊಳೆದು, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಬಸ್ಸು ಹತ್ತಿದರು. ನಮ್ಮಪ್ಪ ಒಂದು ದಿನವೂ ಅಂಚೆಯವನ ದಾರಿ ಕಾಯಲಿಲ್ಲ. ಮುಖದ ಮೇಲೆ ಬೇಡ ಎನ್ನಬಾರದೆಂದು ಹಿರಿಯರು ಕಂಡುಹಿಡಿದ ಮರ್ಯಾದೆ ಅದು. ಹೇಳಿದವರು ಬರೆಯುವುದಿಲ್ಲ, ಕೇಳಿದವರು ಕಾಯುವುದಿಲ್ಲ, ಇಬ್ಬರ ಮಾನವೂ ಉಳಿಯುತ್ತದೆ.

ಮಿಸ್ಟರ್ ಕೋ ನೋಟ್‌ಬುಕ್ಕಿನ ಹಾಳೆ ಹರಿದು, ದಪ್ಪಕ್ಷರದಲ್ಲಿ ತಮ್ಮ ವಿಳಾಸ ಬರೆದು, ಪಿನ್‌ಕೋಡಿನ ಕೆಳಗೆ ಎರಡು ಗೆರೆ ಎಳೆದು ಕೊಟ್ಟರು. "ಫೋನ್ ನಂಬರೂ ಕೊಡಲೇ?"

"ಫೋನು ಬೇಡ" ಎಂದರು ಇವರು, ಇನ್ನೂ ಗಂಭೀರವಾಗಿ. "ಇಂಥ ವಿಷಯದಲ್ಲಿ ನಮ್ಮಲ್ಲಿ ಫೋನ್ ಮಾಡೋ ಪದ್ಧತಿ ಇಲ್ಲ. ಕಾಗದವೇ ಬರುತ್ತದೆ."

"ಸರಿ. ಕಾಯುತ್ತೇನೆ" ಎಂದರು ಮಿಸ್ಟರ್ ಕೋ.

ಆ "ಕಾಯುತ್ತೇನೆ" ಎಂಬ ಮಾತು ನನ್ನ ಕಿವಿಗೆ ಯಾಕೋ ಸರಿ ಬರಲಿಲ್ಲ. ನಮ್ಮಲ್ಲಿ ಹಾಗೆ ಯಾರೂ ಅನ್ನುವುದಿಲ್ಲ.

ಬಾಗಿಲು ಹಾಕಿದ ಮೇಲೆ ಕೇಳಿದೆ, "ಈ ಗಂಡಿಗೇನು ಊನ?"

"ಅವರ ಉಗುರು ನೋಡಿದ್ಯಾ? ಒಂದು ಚೂರು ಗ್ರೀಸಿಲ್ಲ."

"ಅದು ಸ್ನಾನ ಅಂತ ಕರೀತಾರೆ. ನೀವೂ ಮಾಡಿ ನೋಡಿ."

ಮುಂದಿನ ಭಾನುವಾರ ಎರಡನೆಯ ಗಂಡು ಬಂತು. ಬಿಶಾನ್‌ನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿರುವ ಬದರೀನಾಥ, ನಮ್ಮ ಮೈಸೂರಿನ ಕಡೆಯ ಸಾಫ್ಟ್‌ವೇರ್ ಹುಡುಗ. ಬಂದವನೇ ಗಾಡಿಯ ಮೇಲೆ ಕೂತು ನಾಲ್ಕು ಫೋಟೋ ತೆಗೆಸಿಕೊಂಡ.

"ಅಂಕಲ್, ಸೂಪರ್! ನಾನು ಇದನ್ನ ಓಡಿಸಲ್ಲ. ಲಿವಿಂಗ್ ರೂಮಲ್ಲಿ ಡಿಸ್‌ಪ್ಲೇ ಮಾಡ್ತೀನಿ. ಕೆಳಗಡೆ ಎಲ್‌ಇಡಿ ಲೈಟ್ ಹಾಕ್ಸಿ, ಮೇಲೊಂದು ಗ್ಲಾಸ್ ಇಟ್ಟರೆ ಕಾಫಿ ಟೇಬಲ್ ಥರಾನೂ ಯೂಸ್ ಆಗತ್ತೆ."

ಇವರು ಎದೆ ಹಿಡಿದುಕೊಂಡು ಗೋಡೆಗೊರಗಿದರು. ಸುಧಾರಿಸಿಕೊಂಡ ಮೇಲೆ, "ಆಗಲಪ್ಪ. ನಾವು ಕಾಗದ ಬರೀತೀವಿ" ಎಂದರು.

ಬದರೀನಾಥನ ಮುಖ ಕೆಂಪಾಯಿತು. "ಏನಂಕಲ್, ನನಗೇ ಕಾಗದಾನಾ? ಇಷ್ಟವಿಲ್ಲ ಅಂತ ನೇರವಾಗಿ ಹೇಳಬಹುದಿತ್ತು. ಅಷ್ಟಕ್ಕೂ ಕಾಗದ ಬರೀಬೇಕಾದ್ದು ಗಂಡಿನ ಕಡೆಯವರು!" ಕೇಸರಿಬಾತನ್ನು ತಟ್ಟೆಯಲ್ಲೇ ಬಿಟ್ಟು ಲಿಫ್ಟಿಗೆ ಹೋದ. ವಾರದೊಳಗೆ ಸಿಂಗಪುರದ ಕನ್ನಡಿಗರಿಗೆಲ್ಲ, ಪದ್ಮನಾಭ ಅಂಕಲ್ ಬಂದವರಿಗೆಲ್ಲ ಕಾಗದ ಬರೀತೀವಿ ಅನ್ನುತ್ತಾರೆ ಎಂಬ ಸುದ್ದಿ ಮುಟ್ಟಿತು. ಮೂರನೆಯ ಗಂಡು ಬರಲೇ ಇಲ್ಲ.

ಇತ್ತ ಜ್ಯೋತ್ಸ್ನಾಳ ಫೋನು.

"ಅಮ್ಮಾ, ಅತ್ತೆ ರೂಮಿಗೆ ಕರ್ಟನ್ ತಂದಿದ್ದಾರೆ ಲಾ. ಯೆಲ್ಲೋ ಕಲರ್, ತುಂಬಾ ಬಾತುಕೋಳಿ ಇದೆ."

"ಇರಲಿ. ಬಾತುಕೋಳಿ ಹಾರಿ ಹೋಗತ್ತೆ. ನೀನು ಒಂದನೇ ತಾರೀಖಿಗೆ ಇಲ್ಲಿಗೆ ಬರ್ತೀಯ."

ಎರಡು ದಿನಕ್ಕೆ ಮತ್ತೆ ಫೋನು. "ಅಮ್ಮಾ, ಅತ್ತೆ ತೊಟ್ಟಿಲು ಆರ್ಡರ್ ಮಾಡಿದ್ರು. ಇವತ್ತು ಶುಂಠಿ ಒಣಗಿಸ್ತಿದ್ದಾರೆ. ನನಗೆ ನಿನ್ನ ಹತ್ತಿರಾನೇ ಇರಬೇಕು ಅಮ್ಮಾ, ಆದ್ರೆ ಅತ್ತೆಗೆ ನೋ ಹೇಳೋಕೆ ಆಗ್ತಿಲ್ಲ."

ಶುಂಠಿ! ಬಾಣಂತಿ ಖಾರಕ್ಕೆ ಶುಂಠಿ ಒಣಗಿಸುವುದೆಂದರೆ ಯುದ್ಧ ಸಾರಿದ ಹಾಗೆಯೇ. ನಾನು ಹಿಂದಿನ ಕೋಣೆಗೆ ಹೋಗಿ ನಿಂತೆ. ಇವರು ಹಳೆಯ ಬನಿಯನ್ನಿನಿಂದ ದೀಪ ಒರೆಸುತ್ತಿದ್ದರು.

"ಇವಳೂ ಇರಲಿ, ಮಗಳೂ ಇರಲಿ ಕಣೇ" ಎಂದರು. "ಹ್ಯಾಂಡಲ್ಲಿಗೆ ತೊಟ್ಟಿಲು ಕಟ್ಟಿದರೆ ಎಷ್ಟು ಅನುಕೂಲ ನೋಡು. ಮಗು ಅತ್ತರೆ ಹಾರನ್ ಹೊಡೀಬಹುದು."

"ಮಿಸ್ಟರ್ ಕೋಗೆ ಕಾಗದ ಬರೀರಿ."

"ಬರೆಯೋಣ."

"ಯಾವಾಗ?"

"ಬರೆಯೋಣ ಅಂದೆನಲ್ಲ."

ನಾನು ಜಗಳವಾಡುವವಳಲ್ಲ. ಆದರೆ ಅಂದಿನಿಂದ ದಿನವೂ ಬೆಳಿಗ್ಗೆ ಇವರ ಕಾಫಿ ಲೋಟದ ಕೆಳಗೆ ಒಂದು ಬಿಳಿ ಹಾಳೆ ಇಡುತ್ತಾ ಬಂದೆ. ಇವರು ದಿನವೂ ಕಾಫಿ ಕುಡಿದು, ಲೋಟದ ಗುಂಡನೆಯ ಗುರುತನ್ನು ಹಾಳೆಯ ಮೇಲೆ ಬಿಟ್ಟು ಏಳುತ್ತಿದ್ದರು. ಏಳು ದಿನಕ್ಕೆ ಏಳು ಗುರುತುಗಳಾದವು, ಒಂದಕ್ಷರ ಆಗಲಿಲ್ಲ.

ಮಿಸ್ಟರ್ ಕೋ ಬಂದುಹೋದ ಹದಿನೆಂಟನೆಯ ದಿನ ಬಾಗಿಲು ಬಡಿದ ಸದ್ದಾಯಿತು. ಕತ್ತಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ಹುಡುಗಿ. ಅಂಚೆ ಕಚೇರಿಯಿಂದ, ಹೆಸರು ಮಿಸ್ ತಾನ್. ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಫಾರಂ.

"ಮಿಸ್ಟರ್ ಪದ್ಮನಾಭ? ಮಿಸ್ಟರ್ ಕೋ ಅವರಿಗೆ ನೀವು ಬರೆದ ಕಾಗದ ತಲುಪಿಲ್ಲ ಅಂತ ದೂರು ಬಂದಿದೆ. ಅವರು ದಿನಕ್ಕೆ ಎರಡು ಸಲ ಡಬ್ಬಿ ತೆಗೆದು ನೋಡುತ್ತಿದ್ದಾರೆ. ತಮ್ಮ ಸೂರಿಗೆ ಹೊಸ ಬಣ್ಣ ಹೊಡೆಸಿ ಕಾಯುತ್ತಿದ್ದಾರೆ. ನೀವು ಯಾವ ತಾರೀಖಿಗೆ ಪೋಸ್ಟ್ ಮಾಡಿದಿರಿ?"

ಇವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಇನ್ನೂ ಬರೆದಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಕುತ್ತಿಗೆಯಲ್ಲಿ ಚೀಟಿ, ಕೈಯಲ್ಲಿ ಫಾರಂ ಇರುವ ಯಾರನ್ನು ಕಂಡರೂ ಇವರ ಬಾಯಿಂದ ತಾನಾಗಿಯೇ ಉತ್ತರ ಹೊರಡುತ್ತದೆ. ಅದು ನಿಜವೇ ಆಗಬೇಕೆಂದೇನಿಲ್ಲ.

"ಎಂಟನೇ ತಾರೀಖು" ಎಂದರು.

"ಲಕೋಟೆ ಯಾವ ಬಣ್ಣ?"

"ಕಂದು."

"ಗಾತ್ರ?"

ಇವರು ಗಾಳಿಯಲ್ಲಿ ಕೈಯಿಂದ ಒಂದು ಗಾತ್ರ ತೋರಿಸಿದರು. ಅಷ್ಟು ದೊಡ್ಡ ಲಕೋಟೆಯಲ್ಲಿ ಮದುವೆ ಸೀರೆ ಕಳಿಸಬಹುದಿತ್ತು. ಮಿಸ್ ತಾನ್ ಬರೆದುಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಶಕುಂತಲಾ ತಲೆ ಹೊರಹಾಕಿದರು. ನೆರೆಯವರಿಗೆ ಸಹಾಯ ಮಾಡುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಏನು ಸಹಾಯವೆಂದು ತಿಳಿದುಕೊಳ್ಳುವವರೆಗೂ ಕಾಯುವುದಿಲ್ಲ. "ಕಾಗದಾನಾ? ಪೋಸ್ಟ್ ಮಾಡಿದ್ರು ಲಾ, ನಾನೇ ಕಣ್ಣಾರೆ ನೋಡಿದೆ! ಬ್ಲಾಕ್ ಕೆಳಗಿನ ಡಬ್ಬೀಲಿ ಹಾಕಿ ಕೈಮುಗಿದರು" ಎಂದರು.

"ಸಾಕ್ಷಿ ಇದೆ" ಎಂದು ಮಿಸ್ ತಾನ್ ಅದನ್ನೂ ಬರೆದುಕೊಂಡಳು. "ನಾವು ಹುಡುಕುತ್ತೇವೆ ಸರ್. ಕಾಗದ ಸಿಗುವವರೆಗೂ ಬಿಡುವುದಿಲ್ಲ."

ಅವಳು ಹೋದ ಮೇಲೆ ಇವರು ಸೋಫಾದಲ್ಲಿ ಕುಸಿದರು. "ಸಿಗುವವರೆಗೂ ಬಿಡಲ್ಲವಂತೆ!"

"ಸಿಕ್ಕಿದರೆ ನನಗೂ ಒಂದು ಪ್ರತಿ ಕೊಡಲಿ" ಎಂದೆ. "ಏನು ಬರೆದಿದ್ದೀರಿ ಅಂತ ಓದಬೇಕು."

ಈ ಊರಿನ ಅಂಚೆಯವರ ಶ್ರದ್ಧೆಯನ್ನು ಹೊಗಳಲೇಬೇಕು. ಹುಟ್ಟೇ ಇರದ ಕಾಗದವನ್ನು ಐದು ದಿನ ಹುಡುಕಿದರು. ಬ್ಲಾಕ್ ಕೆಳಗಿನ ಅಂಚೆಡಬ್ಬಿಯೊಳಗೆ ದೀಪ ಬಿಟ್ಟು ನೋಡಿದರಂತೆ. ಅದರ ಹಿಂದೆ ಯಾರದೋ ಚಿಕ್ಕ ಚಪ್ಪಲಿ ಸಿಕ್ಕಿತಂತೆ. ಶಕುಂತಲಾ ದಿನವೂ ಬಂದು ವರದಿ ಒಪ್ಪಿಸುತ್ತಿದ್ದರು, ಸಾಕ್ಷಿಯಾದದ್ದರಿಂದ ಅವರ ನಡಿಗೆಯೇ ಬದಲಾಗಿತ್ತು. ಕ್ಯಾಲೆಂಡರಿನಲ್ಲಿ ಮಾತ್ರ ಜುಲೈ ಮುಗಿಯುತ್ತಾ ಬಂದಿತ್ತು.

ಇಪ್ಪತ್ತೊಂಬತ್ತನೇ ತಾರೀಖು, ಇಲ್ಲಿಯವರು ಹರಿ ರಾಯ ಎನ್ನುವ ರಂಜಾನ್ ಹಬ್ಬದ ಮರುದಿನ, ಮಿಸ್ ತಾನ್ ಮತ್ತೆ ಬಂದಳು. ಈ ಸಲ ಜೊತೆಗೆ ನಮ್ಮ ಬ್ಲಾಕಿನ ಅಂಚೆಯವರು ಉಸ್ಮಾನ್ ಇದ್ದರು. ಈ ಬ್ಲಾಕಿನ ಡಬ್ಬಿಗಳಿಗೆ ಇಪ್ಪತ್ತೆರಡು ವರ್ಷದಿಂದ ಕಾಗದ ಹಾಕುವ ಮನುಷ್ಯ. ಪ್ರತಿವರ್ಷದಂತೆ ಹಬ್ಬದ ಅನಾನಸ್ ಬಿಸ್ಕತ್ತಿನ ಡಬ್ಬಿ ಅವರ ಕೈಯಲ್ಲಿತ್ತು. ಕೊಟ್ಟರು. ಆದರೆ ನಗಲಿಲ್ಲ.

ಮಿಸ್ ತಾನ್ ಫಾರಂ ತೆಗೆದಳು. "ಸರ್, ಎಲ್ಲ ಕಡೆ ಹುಡುಕಿದೆವು. ಸಾಕ್ಷಿ ಇರುವುದರಿಂದ ಕಾಗದ ನಮ್ಮ ಕೈಗೆ ಬಂದ ಮೇಲೆಯೇ ಕಳೆದಿದೆ ಅಂತಾಗುತ್ತದೆ. ಆ ಡಬ್ಬಿ ತೆಗೆಯುವವರು ಈ ಉಸ್ಮಾನ್ ಅವರೇ. ಇವತ್ತು 'ಕಳೆದಿದೆ' ಅಂತ ಬರೆದರೆ ಇವರ ಹೆಸರಿನ ಮುಂದೆ ಒಂದು ಗುರುತು ಬೀಳುತ್ತದೆ. ಸಹಿ ಮಾಡುವ ಮೊದಲು ನಿಮ್ಮನ್ನು ಕೇಳಬೇಕೆಂದು ಇವರೇ ಬಂದರು."

ಉಸ್ಮಾನ್ ಇವರನ್ನೇ ನೋಡಿದರು. "ಅಂಕಲ್, ಹನ್ನೊಂದು ವರ್ಷ ಜರ್ಮನಿಯಿಂದ ನಿಮಗೆ ಪಾರ್ಸೆಲ್ ಬಂತು. ಭಾರದ್ದು, ಉದ್ದದ್ದು, ಎಣ್ಣೆ ಸೋರೋದು. ಡಬ್ಬಿಗೆ ಹಿಡಿಸದ್ದನ್ನೆಲ್ಲ ನಾನೇ ಮೇಲೆ ತಂದುಕೊಟ್ಟೆ. ಗಾಜು ಅಂತ ಬರೆದಿದ್ದನ್ನ ಮೊಟ್ಟೆ ಹಿಡಿದ ಹಾಗೆ ಹಿಡಿದು ತಂದೆ. ಒಂದಾದ್ರೂ ಕಳೀತಾ?"

ಇನ್ನು ಇವರನ್ನು ಕಾದರೆ ಉಸ್ಮಾನರಿಗೂ ನಿವೃತ್ತಿಯಾದೀತೆಂದು ನಾನೇ ಮುಂದೆ ಬಂದೆ.

"ಅಮ್ಮಾ ಮಿಸ್ ತಾನ್, ಆ ಕಾಗದ ಕಳೆದಿಲ್ಲ. ಅದನ್ನ ಇನ್ನೂ ಬರೆದೇ ಇಲ್ಲ."

ಮಿಸ್ ತಾನ್‌ಳ ಪೆನ್ನು ನಿಂತಿತು. "ಬರೆದಿಲ್ಲವೇ? ಕಂದು ಲಕೋಟೆ?"

"ಇಲ್ಲ."

"ಸಾಕ್ಷಿ ನೋಡಿದ್ದಾರಲ್ಲ?"

ಪಕ್ಕದ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ನಮ್ಮಲ್ಲಿ ಕಾಗದ ಬರೀತೀವಿ ಎಂದರೆ ಬರೆಯುವುದಿಲ್ಲ ಎಂದು ಅರ್ಥ ಎಂದು ನಾನು ಬಿಡಿಸಿ ಹೇಳಿದೆ. ಮಿಸ್ ತಾನ್ ಎರಡು ಸಲ ಕೇಳಿಸಿಕೊಂಡಳು. "ಹಾಗಾದರೆ ನಿಜವಾಗಿ ಬರೆಯೋದಿದ್ದರೆ ಏನಂತೀರಿ?" ಎಂದಳು. ಅವಳು ಫಾರಂ ತಿರುಗಿಸಿ ತೋರಿಸಿದಳು. ನಾಲ್ಕೇ ಚೌಕ: ಕಳೆದಿದೆ, ಹರಿದಿದೆ, ಬೇರೆ ವಿಳಾಸಕ್ಕೆ ಹೋಗಿದೆ, ತಡವಾಗಿದೆ. "ಬರೆದಿಲ್ಲ ಅನ್ನೋದಕ್ಕೆ ಚೌಕವೇ ಇಲ್ಲ ಆಂಟಿ. ಯಾವುದಕ್ಕೆ ಗುರುತು ಹಾಕಲಿ?"

"ತಡವಾಗಿದೆ ಅನ್ನೋದಕ್ಕೆ ಹಾಕು" ಎಂದೆ. "ಯಾರಿಂದ ತಡ ಅನ್ನೋ ಜಾಗದಲ್ಲಿ ನಮ್ಮ ಯಜಮಾನರ ಹೆಸರು ಬರಿ. ಪೂರ್ತಿ ಹೆಸರು."

"ಆದರೆ ತಡವಾದ ಕಾಗದ ಒಂದು ದಿನ ಬರಲೇಬೇಕು. ನಾಳೆ ಸಂಜೆ ಐದರೊಳಗೆ ಕೌಂಟರಿನಲ್ಲಿ ಕೊಟ್ಟರೆ ಮಾತ್ರ ನಾನು ಈ ಫೈಲು ಮುಚ್ಚಬಹುದು."

ಇವರು ಅಷ್ಟು ಹೊತ್ತಿಗೆ ಉಸ್ಮಾನರ ಕೈ ಹಿಡಿದು, "ಬನ್ನಿ, ನೀವು ಒಳಗೆ ಬನ್ನಿ" ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿದ್ದರು. ಹನ್ನೊಂದು ವರ್ಷ ಬಾಗಿಲಿನವರೆಗೆ ಮಾತ್ರ ಬಂದ ಮನುಷ್ಯ ಮೊದಲ ಸಲ ಒಳಗೆ ಕಾಲಿಟ್ಟರು. ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಇದು ಆ ಗಾಜಿನ ಡಬ್ಬಿ" ಎಂದು ದೀಪ ಮುಟ್ಟಿದರು. "ಇದು ಕ್ರಿಸ್ಮಸ್ ಟೈಮಲ್ಲಿ ಬಂದ ಉದ್ದದ್ದು. ಇದೇನು, ಸೀಟಾ? ಅಯ್ಯೋ, ನಾನು ದಿಂಬು ಅಂದುಕೊಂಡಿದ್ದೆ."

"ಎಲ್ಲ ನೀವೇ ತಂದದ್ದು" ಎಂದರು ಇವರು.

"ಓಡುತ್ತಾ?"

"ಓಡುತ್ತೆ."

"ಮತ್ತೆ ಯಾಕೆ ಇಲ್ಲಿ ನಿಂತಿದೆ?"

ಹಡಗುಗಳನ್ನು ಸಮುದ್ರಕ್ಕಿಳಿಸಿದ ಮನುಷ್ಯ ಅಂಚೆಯವರ ಮುಂದೆ ತಲೆ ಕೆರೆದುಕೊಂಡು ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಅನುಸೂಯಾ, ಒಂದು ಹಾಳೆ ಕೊಡೇ. ಗುರುತಿಲ್ಲದ್ದು" ಎಂದರು.

ಬರೆಯಲು ಕೂತದ್ದು ಮಧ್ಯಾಹ್ನ ಎರಡಕ್ಕೆ. ಮೊದಲು ತಾರೀಖು ಹಾಕಿ ಎಂದು ನಾನೇ ಹಾಕಿಸಿದೆ, ಇಲ್ಲದಿದ್ದರೆ ಅದಕ್ಕೂ ನಾಳೆ ನೋಡೋಣ ಎನ್ನುತ್ತಿದ್ದರು. ಎದ್ದದ್ದು ಏಳಕ್ಕೆ. ಓದಿ ನೋಡಿದೆ, ಆರು ಪುಟ. 'ಮಳೆಯಲ್ಲಿ ನಿಲ್ಲಿಸಬೇಡಿ. ಬೆಳಗಿನ ಮೊದಲ ಒದೆತಕ್ಕೆ ಏಳದಿದ್ದರೆ ಬಯ್ಯಬೇಡಿ, ಅವಳ ಸ್ವಭಾವವೇ ಹಾಗೆ. ಜಪಾನಿನದರ ಪಕ್ಕ ನಿಲ್ಲಿಸಿದರೂ ಮಧ್ಯೆ ಎರಡಡಿ ಜಾಗ ಬಿಡಿ. ತಿಂಗಳಿಗೊಮ್ಮೆ ಎಣ್ಣೆ ನೋಡಿ. ತಾನಾಗಿ ಬಾಯಿಬಿಟ್ಟು ಕೇಳುವವಳಲ್ಲ.' ಒಪ್ಪಿಗೆ ಎಂಬ ಮಾತು ಆರು ಪುಟದಲ್ಲಿ ಎಲ್ಲೂ ಇರಲಿಲ್ಲ.

"ಕೊಡ್ತೀವಿ ಅಂತ ಎಲ್ಲಿದೆ?"

"ಅರ್ಥ ಆಗಲ್ವಾ?"

"ಅವರು ಬರೆದದ್ದನ್ನ ಮಾತ್ರ ಅರ್ಥ ಮಾಡಿಕೊಳ್ಳೋ ಜನ. ಬರೀರಿ."

ಏಳನೆಯ ಪುಟದಲ್ಲಿ ಒಂದೇ ಸಾಲು ಬರೆದರು: 'ನಮಗೆ ಒಪ್ಪಿಗೆ. ಗುರುವಾರ ಸಂಜೆ ಬಂದು ಕರೆದುಕೊಂಡು ಹೋಗಿ.' ಬರೆದು ಪೆನ್ನಿನ ಮುಚ್ಚಳವನ್ನು ಬಹಳ ಹೊತ್ತು ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು. ನಾನು ಮೊದಲಿನ ಆರು ಪುಟಗಳನ್ನೂ ತೆಗೆಯಲಿಲ್ಲ. ಹೆಣ್ಣು ಕೊಡುವವರು ನಾಲ್ಕು ಮಾತು ಹೇಳದೆ ಕಳಿಸುತ್ತಾರೆಯೇ?

ಮರುದಿನ ಬೆಳಿಗ್ಗೆ ಲಕೋಟೆ ಅಂಟಿಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಶುಭಕಾರ್ಯದ ಕಾಗದ ಬೋಳುಮೂಲೆಯಲ್ಲಿ ಹೋಗಬಾರದು. ಆ ಹೊತ್ತಿಗೇ ಜ್ಯೋತ್ಸ್ನಾ ಫೋನ್ ಮಾಡಿದಳು. "ಅಮ್ಮಾ, ಅತ್ತೆ ಕೇಳ್ತಿದ್ದಾರೆ, ಶುಕ್ರವಾರ ಒಂದನೇ ತಾರೀಖು, ಯಾರ ಮನೆ ಅಂತ."

"ತವರುಮನೆ ಅಂತ ಹೇಳು. ಶುಂಠಿ ಒಣಗಿದ್ದರೆ ಬರುವಾಗ ತರೋಕೆ ಹೇಳು, ಚೆನ್ನಾಗಿ ಪುಡಿ ಮಾಡಿಕೊಳ್ತೀನಿ. ಅವರೂ ಬಂದಿರಲಿ, ಉಪ್ಪಿಟ್ಟು ಮಾಡ್ತೀನಿ."

ಬಸ್ ಇಂಟರ್‌ಚೇಂಜ್ ಹತ್ತಿರದ ಅಂಚೆ ಕಚೇರಿಗೆ ಇಬ್ಬರೂ ನಡೆದುಕೊಂಡು ಹೋದೆವು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ನಂಬರ್ ಚೀಟಿ ಹಿಡಿದು ಕೂತೆವು. ನಮ್ಮ ನಂಬರು ಬಂತು. ಇವರು ಹಿಂದಿನವರಿಗೆ, "ನೀವು ಮೊದಲು ಹೋಗಿ" ಎಂದರು. ಅವರ ಹಿಂದಿನವರಿಗೂ ಹಾಗೇ ಅಂದರು. ಮೂರನೆಯವರಿಗೆ ಹೇಳುವ ಮೊದಲು ನಾನು ಮೊಣಕೈ ಹಿಡಿದು ಎಬ್ಬಿಸಿದೆ.

ಕೌಂಟರಿನ ಹುಡುಗ ಲಕೋಟೆಯನ್ನು ತಿರುಗಿಸಿ ನೋಡಿದ. "ಆಂಟಿ, ಮೂಲೆಯಲ್ಲಿ ಹಳದಿ ಕಲೆ ಇದೆ. ಬೇರೆ ಕವರ್ ಕೊಡಲಾ?"

"ಕಲೆ ಅಲ್ಲಪ್ಪ. ನಮ್ಮಲ್ಲಿ ಶುಭದ ಕಾಗದಕ್ಕೆ ಹೀಗೇ ಹಚ್ಚೋದು."

"ಓ, ಮದುವೆಯಾ?"

"ಹೌದು" ಎಂದರು ಇವರು, ಲಕೋಟೆಯ ಇನ್ನೊಂದು ತುದಿಯನ್ನು ಬಿಡದೆ.

ಹುಡುಗ ಆ ಕಡೆಯಿಂದ ಎಳೆದ, ಇವರು ಈ ಕಡೆಯಿಂದ ಹಿಡಿದುಕೊಂಡರು. ಮಿಸ್ ತಾನ್ ಒಳಗಿನ ಮೇಜಿನಿಂದ ತಲೆಯೆತ್ತಿ ನೋಡಿದಳು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

"ಇದು ಯಾವತ್ತು ತಲುಪತ್ತೆ?" ಎಂದು ಇವರು ಕೇಳಿದರು.

"ನಾಳೆ ಬೆಳಿಗ್ಗೆ, ಅಂಕಲ್."

"ಸ್ವಲ್ಪ ನಿಧಾನವಾಗಿ ಹೋಗೋದು ಯಾವುದಾದ್ರೂ ಇದೆಯಾ?"

"ಇಲ್ಲ ಲಾ ಅಂಕಲ್. ನಮ್ಮಲ್ಲಿ ಎಲ್ಲಾ ಬೇಗಾನೇ."

ಇವರು ಒಮ್ಮೆ ನನ್ನನ್ನು ನೋಡಿದರು. ಅಂಗಿಯ ತೋಳಿನಿಂದ ಲಕೋಟೆಯ ಮೇಲೆ ಇಲ್ಲದ ಧೂಳನ್ನು ಒರೆಸಿ, ಹುಡುಗನ ಕಡೆಗೆ ತಾವೇ ನೂಕಿದರು.

ಹುಡುಗ ಮೊಹರು ಎತ್ತಿ ಠಪ್ಪೆಂದು ಒತ್ತಿದ.